ಮಾಗಿಯ ಚಳಿಯೂ ಹ್ಯಾಂಡ್‌ಬ್ರೇಕೂ

ಹೊಸಕೋಟೆ ತಾಲ್ಲೂಕಿನ ನಮ್ಮ ಜಡಿಗೇನಹಳ್ಳಿಯಲ್ಲಿ ಧನುರ್ಮಾಸದ ಬೆಳಗೆಂದರೆ ಇಬ್ಬನಿಯ ಬೆಳಗು. ರಾತ್ರಿಯೆಲ್ಲ ಬಯಲಲ್ಲಿ ನಿಂತ ಕಾರಿನ ಹ್ಯಾಂಡ್‌ಬ್ರೇಕ್ ಇಳಿಸಿದರೂ ಹಿಂದಿನ ಗಾಲಿ ಕದಲದಿದ್ದರೆ, ಚಳಿಗೆ ಹೆಪ್ಪುಗಟ್ಟಿತೆನ್ನುವವರುಂಟು. ನಾನು ಒಪ್ಪಲಾರೆ. ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿಯ ಚಳಿ ಬೇಕು. ಹತ್ತಿರದ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಕೆನಡಾದಂಥ ನಾಡಿನಲ್ಲಿ ಕೇಬಲ್ಲಿನ ಕವಚದೊಳಗೆ ಹೊಕ್ಕ ನೀರು ಮಂಜುಗಡ್ಡೆಯಾಗುತ್ತದೆ, ಇಲ್ಲಿ ತುಕ್ಕಾಗುತ್ತದೆ. ಬ್ರೇಕ್ ಶೂ ಕಬ್ಬಿಣದ ಡ್ರಮ್ಮಿಗೆ ಒತ್ತಿಕೊಂಡೇ ಇದ್ದರೆ, ನಡುವಿನ ತೇವ ತುಕ್ಕು ಹಿಡಿಸಿ ಎರಡನ್ನೂ ಬೆಸೆಯುತ್ತದೆ.

ಹಾಗಾಗಿ ಬಿಸಿನೀರು ಸುರಿಯುವುದೆಂದರೆ ತುಕ್ಕಿಗೆ ನೀರೆರೆದಂತೆಯೇ. ಮತ್ತೇನು ಮಾಡಬೇಕು? ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಡ್ರಮ್ಮಿನ ಅಂಚನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಬಳಿಕ ಕಲ್ಲು ತೆಗೆದು, ಕಾರನ್ನು ಹಿಂದಕ್ಕೂ ಮುಂದಕ್ಕೂ ತುಸುವೇ ಆಡಿಸಿ. ಬಿಡದಿದ್ದರೆ ಬಲವಂತದಿಂದ ಓಡಿಸಬೇಡಿ. ಶೂವಿನ ಲೈನಿಂಗ್ ಕಿತ್ತುಬಂದರೆ ಆ ಗಾಲಿಗೆ ಬ್ರೇಕೇ ಇಲ್ಲ. ಓಡಿದ ಮೇಲೆ ಒಂದೇ ಡ್ರಮ್ಮು ವಿಪರೀತ ಕಾದರೆ, ತುಕ್ಕು ಹಿಡಿದ ಕೇಬಲ್ಲು ಹಿಂದೆ ಸರಿಯುತ್ತಿಲ್ಲವೇ ಎಂದು ನೋಡಿಸಿ, ಬದಲಿಸಿ. ಡ್ರಮ್ಮಿನೊಳಗೆ ಎಣ್ಣೆ ಬಿಡುವುದಂತೂ ಕೂಡದು; ಬ್ರೇಕು ಜಾರುತ್ತದೆ. ಸಮನೆಲದಲ್ಲಿ ರಾತ್ರಿ ನಿಲ್ಲಿಸುವಾಗ ಗೇರು ಹಾಕಿ, ಗಾಲಿಗೆ ಕಲ್ಲಿಟ್ಟು (ಎತ್ತಿನಗಾಡಿ ಕಂಡವರಿಗೆ ಇದನ್ನು ಕಲಿಸಬೇಕಿಲ್ಲ) ಹ್ಯಾಂಡ್‌ಬ್ರೇಕನ್ನು ಇಳಿಸಿಯೇ ಇಡಿ.