ಆಣೆ ಮಾಡಿಸುವ ಮುನ್ನ: ಮಾದಕ ವ್ಯಸನದ ಕುರಿತು ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ನೀರು, ಚರಂಡಿ, ಬೀದಿದೀಪ ಮತ್ತು ನಿವೇಶನಗಳ ಚರ್ಚೆ ಮುಗಿಯುವ ಹೊತ್ತಿಗೆ, ಹಿಂದಿನ ಸಾಲಿನಿಂದ ಮಹಿಳೆಯೊಬ್ಬರು ಎದ್ದು ನಿಂತು ಪೆಟ್ಟಿಗೆ ಅಂಗಡಿಯ ಮದ್ಯ ಮಾರಾಟದ ಬಗ್ಗೆ ದೂರುವುದು ತಮಗೆಲ್ಲ ಪರಿಚಿತ ದೃಶ್ಯ. ನಡಾವಳಿ ಪುಸ್ತಕದಲ್ಲಿ "ಸಂಬಂಧಿಸಿದ ಇಲಾಖೆಗೆ ಬರೆಯಲು ತೀರ್ಮಾನಿಸಲಾಯಿತು" ಎಂಬ ಒಂದು ಸಾಲು ದಾಖಲಾಗುತ್ತದೆ. ವಿಷಯ ಅಲ್ಲಿಗೆ ನಿಲ್ಲುತ್ತದೆ. ಆ ಸಾಲಿನ ಮುಂದೆ ನಾವು ಮಾಡಬಹುದಾದುದೇನು, ಮಾಡಬಾರದುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಘಟನೆ

ಕೆಲವು ವರ್ಷಗಳ ಹಿಂದೆ ನಾನು ಕರ್ತವ್ಯದಲ್ಲಿದ್ದ ಪಂಚಾಯಿತಿಯ ಒಂದು ಗ್ರಾಮದಲ್ಲಿ, ಅನೇಕ ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ರೈತರೊಬ್ಬರಿಂದ ಊರಿನ ಹಿರಿಯರು ಹಾಗೂ ವಾರ್ಡಿನ ಸದಸ್ಯರು ದೇವರ ಮುಂದೆ ಆಣೆ ಮಾಡಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ನಾನೂ ಅಲ್ಲಿದ್ದು ಮೆಚ್ಚಿಕೊಂಡೆ. ಆ ರೈತರು ಮಾತಿಗೆ ತಪ್ಪಲಿಲ್ಲ. ಮರುದಿನ ಅವರ ಕೈ ನಡುಗಲಾರಂಭಿಸಿತು, ಮೈ ಬೆವರಿತು. ಎರಡನೆಯ ದಿನ ಫಿಟ್ಸ್ ಬಂದಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ಕೂಗತೊಡಗಿದರು. ಗಾಳಿ ಸೋಕಿದೆಯೆಂದು ಭಾವಿಸಿದ ಮನೆಯವರು ಮಂತ್ರಿಸಲು ಕರೆದೊಯ್ಯುವ ಸಿದ್ಧತೆಯಲ್ಲಿದ್ದರು. ಆಶಾ ಕಾರ್ಯಕರ್ತೆ 108ಕ್ಕೆ ಕರೆ ಮಾಡಿದ್ದರಿಂದ ಜೀವ ಉಳಿಯಿತು.

ಮಾತು ಉಳಿಸಿಕೊಂಡದ್ದರಿಂದಲೇ ಅವರ ಜೀವಕ್ಕೆ ಅಪಾಯ ಒದಗಿತ್ತು. ಎಂಜಿನಿಯರಿಂಗ್ ಪದವಿ ಪಡೆದಿದ್ದ ನನಗೂ ಅಂದು ಈ ಸಂಗತಿ ತಿಳಿದಿರಲಿಲ್ಲ.

ವ್ಯಸನ ಎಂದರೇನು?

ಮದ್ಯ, ನಿಕೋಟಿನ್, ಗಾಂಜಾ, ಅಫೀಮು ಮೂಲದ ಔಷಧಗಳು ಬೇರೆಬೇರೆ ದಾರಿಯಲ್ಲಿ ಕೆಲಸ ಮಾಡಿದರೂ, ಕೊನೆಗೆ ಮಿದುಳಿನಲ್ಲಿ ಸಂತೋಷದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ವ್ಯವಸ್ಥೆಯನ್ನೇ ಕೆರಳಿಸುತ್ತವೆ. ಪದೇಪದೇ ಹೀಗಾದಾಗ ಮಿದುಳು ಆ ವಸ್ತುವಿಗೆ ಒಗ್ಗಿಕೊಳ್ಳುತ್ತದೆ. ಮೊದಲಿನ ಪ್ರಮಾಣ ಸಾಲದಾಗುತ್ತದೆ, ಅದಿಲ್ಲದೆ ದೇಹ ಸಂಕಟಪಡುತ್ತದೆ, ಕೇಡು ಕಣ್ಣಿಗೆ ಕಂಡರೂ ಬಿಡಲಾಗುವುದಿಲ್ಲ. ಈ ಸ್ಥಿತಿಯೇ ವ್ಯಸನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಇಂತಹ ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ಮದ್ಯವನ್ನು ಹಠಾತ್ತನೆ ನಿಲ್ಲಿಸುವುದು ಏಕೆ ಅಪಾಯಕರ? ಮದ್ಯವು ಮಿದುಳಿಗೆ ಬ್ರೇಕ್ ಇದ್ದಂತೆ. ನರಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಬ್ರೇಕ್ ಒತ್ತಿಯೇ ಇದ್ದಾಗ, ಎಚ್ಚರವಾಗಿರಲು ಮಿದುಳು ಆಕ್ಸಿಲರೇಟರನ್ನು ಹೆಚ್ಚು ಹೆಚ್ಚು ಒತ್ತುತ್ತಾ ಹೋಗುತ್ತದೆ. ಬ್ರೇಕನ್ನು ಒಮ್ಮೆಲೇ ತೆಗೆದರೆ, ಕಬ್ಬು ತುಂಬಿದ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಓಡಿದಂತೆ ನರವ್ಯೂಹ ಹತೋಟಿ ತಪ್ಪುತ್ತದೆ. ಕೊನೆಯ ಕುಡಿತದ ನಂತರದ 6ರಿಂದ 24 ಗಂಟೆಗಳಲ್ಲಿ ನಡುಕ ಮತ್ತು ಬೆವರು, ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದೊಳಗೆ ತೀವ್ರ ಗೊಂದಲ ಹಾಗೂ ಭ್ರಮೆ ಕಾಣಿಸಿಕೊಳ್ಳಬಹುದು. ಚಿಕಿತ್ಸೆ ದೊರೆಯದಿದ್ದರೆ ಸಾವೂ ಸಂಭವಿಸಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಪ್ರತಿದಿನ ಹೆಚ್ಚು ಕುಡಿಯುವವರಿಗೆ, ಹಿಂದೆ ಫಿಟ್ಸ್ ಬಂದವರಿಗೆ ಅಪಾಯ ಹೆಚ್ಚು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯ ವಾರದಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದಾಗ ಇಂತಹ ಪ್ರಕರಣಗಳು ರಾಜ್ಯದಲ್ಲಿ ವರದಿಯಾದುದನ್ನು ನೆನಪಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಕೆಲವು ದಿನಗಳ ಔಷಧ ಹಾಗೂ ಥಯಮಿನ್ ಜೀವಸತ್ವ ನೀಡಿದರೆ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಬಹುದು.

ನಮ್ಮ ಗ್ರಾಮಗಳಲ್ಲಿ ಕಂಡುಬರುವ ವಸ್ತುಗಳು

1. ಮದ್ಯ: ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಸ್ಥಾನಕ್ಕೆ ಕಡಿಮೆ ಬೆಲೆಯ 90 ಮಿ.ಲೀ. ಪೊಟ್ಟಣ ಬಂದಿತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಸಾಗಿದ್ದು ಈ ಬದಲಾವಣೆ ಅವರ ಮನೆಗಳಿಗೆ ನೆಮ್ಮದಿ ತರಲಿಲ್ಲ ಎಂಬುದಕ್ಕೆ ಸಾಕ್ಷಿ.

ಒಂದು ಸರಳ ಲೆಕ್ಕ ಇಲ್ಲಿದೆ. 90 ಮಿ.ಲೀ. ಪೊಟ್ಟಣದ ಮದ್ಯದಲ್ಲಿ ಆಲ್ಕೋಹಾಲ್ ಪ್ರಮಾಣ ಶೇ. 42.8. ತೂಕದಲ್ಲಿ ಇದು ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 7.5 ಆಲ್ಕೋಹಾಲ್ ಇರುವ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 38 ಗ್ರಾಂ. ಆದುದರಿಂದ "ಬಿಯರ್ ತಾನೇ" ಎಂಬ ಮಾತಿಗೆ ಆಧಾರವಿಲ್ಲ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನಷ್ಟೇ ಕರಗಿಸಬಲ್ಲದು. ರಾತ್ರಿ 10 ಗಂಟೆಗೆ ನಾಲ್ಕು ಪೊಟ್ಟಣ ಮುಗಿಸಿ ಮಲಗಿದವರು ಬೆಳಿಗ್ಗೆ 6 ಗಂಟೆಗೆ ನಾಲೆಯ ಏರಿಯ ಮೇಲೆ ಕಬ್ಬಿನ ಗಾಡಿ ಓಡಿಸುವಾಗ, ಕುಡಿದುದರ ಮೂರನೆಯ ಒಂದರಿಂದ ಅರ್ಧ ಭಾಗ ಇನ್ನೂ ದೇಹದಲ್ಲಿಯೇ ಇರುತ್ತದೆ. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಈ ವೇಗವನ್ನು ಹೆಚ್ಚಿಸುವುದಿಲ್ಲ.

ದೀರ್ಘಕಾಲದ ಕುಡಿತದಿಂದ ಯಕೃತ್ತಿನ ಸಿರೋಸಿಸ್, ಮೇದೋಜೀರಕ ಗ್ರಂಥಿಯ ಉರಿಯೂತ, ಬಾಯಿ ಹಾಗೂ ಅನ್ನನಾಳದ ಕ್ಯಾನ್ಸರ್, ನರದೌರ್ಬಲ್ಯ ಮತ್ತು ಖಿನ್ನತೆ ಬರುತ್ತವೆ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಬೆರೆತಿದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಮೃತಪಟ್ಟದ್ದು ಇದರಿಂದಲೇ.

2. ತಂಬಾಕು: ಬೀಡಿ, ಸಿಗರೇಟು, ಜರ್ದಾ, ಖೈನಿ. ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ. ಆದುದರಿಂದ ಈ ಚಟ ಬೇಗ ಅಂಟುತ್ತದೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಗಿದೆ. ಆದರೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೊತೆಯಲ್ಲಿಯೇ ಮಾರಾಟವಾಗುತ್ತಿವೆ. ಬಾಯಿ ಪೂರ್ಣ ತೆರೆಯಲಾಗದಿರುವುದು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ವಾಸಿಯಾಗದ ಹುಣ್ಣು ಕಂಡರೆ ತಕ್ಷಣ ಪರೀಕ್ಷೆ ಮಾಡಿಸಬೇಕು.

3. ಗಾಂಜಾ: ಕಾಲದ ಅರಿವು, ನೆನಪು ಮತ್ತು ಕೈಕಾಲುಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ. ಮಿದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ಮುಂದುವರಿಯುವುದರಿಂದ ಹದಿಹರೆಯದಲ್ಲಿ ಆರಂಭಿಸಿದವರಿಗೆ ಹಾನಿ ಅಧಿಕ. ಕೆಲವರಲ್ಲಿ ಸಂಶಯ, ಭ್ರಮೆಗಳಿಂದ ಕೂಡಿದ ತೀವ್ರ ಮನೋರೋಗಕ್ಕೆ ದಾರಿಯಾಗುತ್ತದೆ. "ಇದು ಗಿಡಮೂಲಿಕೆ, ಕೇಡಿಲ್ಲ" ಎಂಬುದು ತಪ್ಪು ಕಲ್ಪನೆ.

4. ಮೂಸುವ ವಸ್ತುಗಳು: ಪಂಕ್ಚರ್ ಸೊಲ್ಯೂಷನ್, ಥಿನ್ನರ್, ವೈಟ್ನರ್, ಪೆಟ್ರೋಲ್. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಿಗಿಂತ ಮಕ್ಕಳಲ್ಲಿ ಬಳಕೆ ಹೆಚ್ಚಿರುವ ಮಾದಕ ಇದೊಂದೇ. ಒಂದೇ ಸಲದ ಬಳಕೆಯಲ್ಲಿಯೂ ಹೃದಯದ ಬಡಿತ ಏರುಪೇರಾಗಿ ಮಗು ಹಠಾತ್ತನೆ ಸಾಯಬಹುದು. ಬಟ್ಟೆಯಲ್ಲಿ ರಾಸಾಯನಿಕದ ವಾಸನೆ, ಮೂಗು ಮತ್ತು ಬಾಯಿಯ ಸುತ್ತ ಗುಳ್ಳೆಗಳು ಇದರ ಗುರುತು.

5. ಮಾತ್ರೆ ಮತ್ತು ಸಿರಪ್‌ಗಳು: ಟೆಪೆಂಟಡಾಲ್, ಟ್ರಮಡಾಲ್‌ನಂತಹ ನೋವುನಿವಾರಕಗಳು, ನೈಟ್ರಾಜೆಪಾಮ್, ಅಲ್ಪ್ರಜೋಲಾಮ್‌ನಂತಹ ನಿದ್ರೆಮಾತ್ರೆಗಳು, ಕೊಡೈನ್ ಇರುವ ಕೆಮ್ಮಿನ ಸಿರಪ್. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಪ್ರಮಾಣ ಮೀರಿದರೆ ಉಸಿರಾಟ ನಿಧಾನವಾಗಿ ನಿಂತುಹೋಗಬಹುದು. ಎಬ್ಬಿಸಿದರೂ ಏಳದ ವ್ಯಕ್ತಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಬಾಯಿಗೆ ಏನನ್ನೂ ಹಾಕಬಾರದು.

6. ಸಂಶ್ಲೇಷಿತ ಮಾದಕಗಳು: ಎಂಡಿಎಂಎ, ಮೆಫೆಡ್ರೋನ್ ಮುಂತಾದವು. ಇವು ಮಹಾನಗರಕ್ಕೆ ಸೀಮಿತವೆಂದು ಭಾವಿಸುವಂತಿಲ್ಲ. 2025ರ ಜುಲೈನಲ್ಲಿ ಮೆಫೆಡ್ರೋನ್ ಜಾಲವನ್ನು ಬೆನ್ನಟ್ಟಿದ ಮುಂಬೈ ಪೊಲೀಸರು ದಾಳಿ ನಡೆಸಿದ್ದು ನಮ್ಮ ನೆರೆಯ ಮೈಸೂರಿನಲ್ಲಿ.

ಆದರೂ ನಮ್ಮ ಮನೆಗಳಿಗೆ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಪಟ್ಟಿಯ ಮೊದಲೆರಡು ವಸ್ತುಗಳೇ. ಅದೇ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ಸಮಸ್ಯೆಗೆ ನೆರವು ಬೇಕಾಗಿದೆ. ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದಾರೆ. ಉಳಿದ 37 ಮಂದಿಯನ್ನು ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ಕೆಲಸದಲ್ಲಿ ಪಂಚಾಯಿತಿ ಸದಸ್ಯರಿಗಿಂತ ಹತ್ತಿರದವರು ಬೇರೆ ಇಲ್ಲ.

ಕಾನೂನು: ಸದಸ್ಯರ ಮೇಲಿರುವ ಹೊಣೆ

1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯಡಿ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಕಬ್ಬು ಅಥವಾ ರಾಗಿಯ ನಡುವೆ ನಾಲ್ಕು ಗಿಡವಿದ್ದರೂ ಅದು ಅಪರಾಧವೇ. ಇದೇ ಕಾಯ್ದೆಯ 47ನೆಯ ಪ್ರಕರಣವು, ಇಂತಹ ಬೆಳೆ ತಿಳಿದುಬಂದ ಕೂಡಲೇ ಪೊಲೀಸ್ ಅಥವಾ ಅಬಕಾರಿ ಮುಂತಾದ ಇಲಾಖೆಯ ಅಧಿಕಾರಿಗೆ ಮಾಹಿತಿ ನೀಡುವುದನ್ನು ಸರ್ಕಾರಿ ಅಧಿಕಾರಿಗಳಿಗೆ, ಪಂಚರಿಗೆ, ಸರಪಂಚರಿಗೆ ಮತ್ತು ಇತರ ಗ್ರಾಮಾಧಿಕಾರಿಗಳಿಗೆ ಕಡ್ಡಾಯಗೊಳಿಸಿದೆ. ಉಪೇಕ್ಷಿಸಿದವರೂ ಶಿಕ್ಷಾರ್ಹರು. ಆದುದರಿಂದ ಮೌನವಾಗಿರುವುದು ನಮಗೆ ಲಭ್ಯವಿರುವ ಆಯ್ಕೆಯಲ್ಲ.

ಪೋಷಕರು ಮಕ್ಕಳ ಚಟವನ್ನು ಮುಚ್ಚಿಡಲು ಪೊಲೀಸರ ಭಯವೂ ಒಂದು ಕಾರಣ. ಅವರಿಗೆ 64ಎ ಪ್ರಕರಣವನ್ನು ತಿಳಿಸಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಆತನಿಗೆ ಅಭಿಯೋಜನೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕೆಂಬುದು ಷರತ್ತು.

ಮಕ್ಕಳಿಗೆ ಮದ್ಯ, ಮಾದಕ ಅಥವಾ ತಂಬಾಕು ನೀಡುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಪ್ರಕರಣದಡಿ 7 ವರ್ಷಗಳವರೆಗೆ ಸಜೆಯಿದೆ. "ಹೋಗಿ ಬೀಡಿ ತಾ" ಎಂದು ಕಳುಹಿಸಿದ ಮಗುವಿಗೆ ಬೀಡಿ ಮಾರುವುದೂ ಕಾನೂನುಬಾಹಿರ. 2025ರಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯಂತೆ ತಂಬಾಕು ಖರೀದಿಗೆ ಕನಿಷ್ಠ ವಯಸ್ಸು 21. ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ಒಳಗೆ ಮಾರಾಟಕ್ಕೆ ಅವಕಾಶವಿಲ್ಲ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಅತಿಯಾಗಿ ಕುಡಿಯುವವರಿಂದ ಒಮ್ಮೆಲೇ ಬಿಡುವ ಆಣೆ ಮಾಡಿಸಬೇಡಿ. ಬಿಡಲು ಒಪ್ಪಿದ ದಿನವೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಗ್ರಾಮದಲ್ಲಿ ಮದ್ಯವರ್ಜನ ಶಿಬಿರ ನಡೆದರೆ ಮೊದಲ ದಿನಗಳಲ್ಲಿ ವೈದ್ಯರ ಹಾಜರಿ ಇರುವುದನ್ನು ಖಚಿತಪಡಿಸಿಕೊಳ್ಳಿ.

2. "ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಎಂಬ ಗೋಡೆ ಜಾಹೀರಾತುಗಳ ಔಷಧಿಗೆ ಮನೆಯವರು ಮರುಳಾಗದಂತೆ ತಿಳಿಹೇಳಿ. ಡೈಸಲ್ಫಿರಾಮ್‌ನಂತಹ ಮಾತ್ರೆಯನ್ನು ತಿಳಿಯದೆ ಸೇವಿಸಿ ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಾಪಾಯವಾಗಬಹುದು.

3. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯ ಮನೋವೈದ್ಯ ವಿಭಾಗಗಳಿಗೆ ಜನರನ್ನು ಕಳುಹಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಭೇಟಿ ನೀಡುವ ದಿನವನ್ನು ವಿಚಾರಿಸಿ ಪಂಚಾಯಿತಿ ಫಲಕದಲ್ಲಿ ಬರೆಸಿ. ಕಷ್ಟಸಾಧ್ಯ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

4. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098, ಮಾದಕ ಸಾಗಣೆಯ ಮಾಹಿತಿ ನೀಡಲು 1933: ಈ ಸಂಖ್ಯೆಗಳನ್ನು ಅರಿವು ಕೇಂದ್ರ, ಅಂಗನವಾಡಿ, ಹಾಲಿನ ಡೇರಿ ಹಾಗೂ ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ಬರೆಸಿ.

5. ಅಂಗಡಿಗಳ ಪರವಾನಗಿ ನೀಡುವಾಗ ಹಾಗೂ ನವೀಕರಿಸುವಾಗ ಮದ್ಯದ ಅನಧಿಕೃತ ಮಾರಾಟ ಮತ್ತು ಶಾಲೆಯ ಬಳಿ ತಂಬಾಕು ಮಾರಾಟ ಮಾಡಬಾರದೆಂಬ ಷರತ್ತನ್ನು ದಾಖಲಿಸಿ. ಗ್ರಾಮಸಭೆಯ ನಿರ್ಣಯದಲ್ಲಿ ಸ್ಥಳ ಮತ್ತು ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಿ ಅಬಕಾರಿ ನಿರೀಕ್ಷಕರಿಗೆ ಕಳುಹಿಸಿ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿಯನ್ನು ಓದಿಸಿ. ದೂರು ನೀಡಿದ ಮಹಿಳೆಯ ಹೆಸರನ್ನು ನಡಾವಳಿಯಲ್ಲಿ ಬರೆಯುವ ಅಗತ್ಯವಿಲ್ಲ.

6. ಕುಡುಕರ ಪಟ್ಟಿಯನ್ನು ಸಭೆಯಲ್ಲಿ ಓದುವುದು, ಸೌಲಭ್ಯ ತಡೆಹಿಡಿಯುವ ಬೆದರಿಕೆ ಹಾಕುವುದು ಸಲ್ಲದು. ಅವಮಾನಗೊಂಡ ರೋಗಿ ಆಸ್ಪತ್ರೆಯಿಂದಲೂ ದೂರ ಉಳಿಯುತ್ತಾನೆ. ಬಿಟ್ಟವರು ಮತ್ತೆ ಕುಡಿದರೆ ಅದನ್ನು ಸೋಲೆಂದು ತಿಳಿಯದೆ, ಕಾಯಿಲೆ ಮರುಕಳಿಸಿದೆಯೆಂದು ತಿಳಿದು ಪುನಃ ಚಿಕಿತ್ಸೆಗೆ ಕಳುಹಿಸಬೇಕು.

7. ಮಕ್ಕಳ ಗ್ರಾಮಸಭೆಯಲ್ಲಿ ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆಯನ್ನು ಇರಿಸಿ. ಯಾವ ಅಂಗಡಿಯಲ್ಲಿ ಏನು ಸಿಗುತ್ತದೆಂಬುದು ನಮಗಿಂತ ಮೊದಲು ಮಕ್ಕಳಿಗೆ ತಿಳಿದಿರುತ್ತದೆ.

ಕೊನೆಯದಾಗಿ ಒಂದು ವಿನಮ್ರ ಮನವಿ. ಚುನಾವಣೆಯ ಸಮಯದಲ್ಲಿ ಮದ್ಯ ಹಂಚಿದವರ ಮಾತಿಗೆ ಗ್ರಾಮಸಭೆಯಲ್ಲಿ ಬೆಲೆಯಿರುವುದಿಲ್ಲ. ಈ ವಿಷಯದಲ್ಲಿ ನಮ್ಮ ನಡೆಯೇ ನಮ್ಮ ಮೊದಲ ನಿರ್ಣಯ.

ಮೇಲೆ ಹೇಳಿದ ರೈತರು ಆಸ್ಪತ್ರೆಯಿಂದ ಮರಳಿದ ಬಳಿಕ ಎರಡು ಬಾರಿ ಮತ್ತೆ ಕುಡಿತಕ್ಕೆ ಬಿದ್ದರು, ಎರಡು ಬಾರಿಯೂ ಚಿಕಿತ್ಸೆಗೆ ಹೋದರು. ನಾನು ಆ ಪಂಚಾಯಿತಿಯಿಂದ ವರ್ಗಾವಣೆಗೊಳ್ಳುವ ವೇಳೆಗೆ ಅವರು ಕುಡಿಯದೆ ಹದಿನಾಲ್ಕು ತಿಂಗಳಾಗಿತ್ತು. ಅವರನ್ನು ಪ್ರತಿ ತಿಂಗಳು ತಮ್ಮ ಬೈಕಿನಲ್ಲಿ ಮಂಡ್ಯಕ್ಕೆ ಕರೆದೊಯ್ಯುತ್ತಿದ್ದವರು, ಅಂದು ಆಣೆ ಮಾಡಿಸಿದ ಅದೇ ವಾರ್ಡ್ ಸದಸ್ಯರು. ತಮ್ಮ ತಮ್ಮ ವಾರ್ಡುಗಳಲ್ಲಿಯೂ ಇಂತಹ ಒಂದು ಮನೆಯನ್ನಾದರೂ ಗುರುತಿಸಿ ಈ ಕಾರ್ಯವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ