ಖಾಡಿಗೆ ಬರುವ ರಾಜಹಂಸಗಳು

ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ನೆರೂಳು, ಸೀವುಡ್ಸ್ ಕಡೆಯ ಜನ ಥಾಣೆ ಖಾಡಿಯತ್ತ ಕಣ್ಣು ಹಾಯಿಸತೊಡಗುತ್ತಾರೆ. ಗುಲಾಬಿ ಬಣ್ಣದ ರಾಜಹಂಸಗಳು ಬರುವ ಕಾಲ ಅದು. ಕೆಲವು ವರ್ಷ ಅವು ನವೆಂಬರಿನಲ್ಲಿಯೇ ಕಾಣಿಸುತ್ತವೆ. ಕೆಲವು ವರ್ಷ ಹೊಸ ವರ್ಷ ಹುಟ್ಟಿದರೂ ಸುಳಿವಿರುವುದಿಲ್ಲ. ಆಗ, ಈ ಸಲ ಹಕ್ಕಿಗಳು ಬರುತ್ತವೆಯೋ ಇಲ್ಲವೋ ಎಂಬ ಮಾತು ರೈಲಿನ ಡಬ್ಬಿಯಲ್ಲಿಯೂ ಕೇಳಿಬರುತ್ತದೆ. ಈ ತಡಕ್ಕೆ ಕಾರಣವೇನು, ಅವು ಇಲ್ಲಿಗೇ ಏಕೆ ಬರುತ್ತವೆ ಎಂಬುದನ್ನು ವಾಚಕರು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಹೆಸರಿನ ವಿಚಾರ. ಹಾಲನ್ನೂ ನೀರನ್ನೂ ಬೇರ್ಪಡಿಸುವುದೆಂದು ನಮ್ಮ ಹಿಂದಿನವರು ಹೇಳಿದ ಹಂಸವೇ ಬೇರೆ, ಈ ಹಕ್ಕಿಯೇ ಬೇರೆ. ಇದನ್ನು ಇಂಗ್ಲಿಷಿನವರು ಫ್ಲೆಮಿಂಗೋ ಎನ್ನುತ್ತಾರೆ. ಮರಾಠಿಯಲ್ಲಿ ಇದು ರೋಹಿತ ಪಕ್ಷಿ. ಆದರೆ ಶೋಧಿಸಿ ತಿನ್ನುವ ಗುಣ ಇದಕ್ಕೂ ಉಂಟು. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ನಾಲಗೆಯನ್ನು ಪಂಪಿನಂತೆ ಆಡಿಸಿ ಕೆಸರು ನೀರನ್ನು ಒಳಗೆಳೆದು ಹೊರಗೆ ದಬ್ಬುತ್ತದೆ. ಕೊಕ್ಕಿನ ಒಳಗಿನ ಜರಡಿಯಂಥ ಅಂಚಿನಲ್ಲಿ ಆಹಾರ ಮಾತ್ರ ಉಳಿಯುತ್ತದೆ.

ನಮ್ಮ ದೇಶದಲ್ಲಿ ಇವು ಎರಡು ಜಾತಿ. ದೊಡ್ಡದು ನಾಲ್ಕೂವರೆ ಅಡಿಯಷ್ಟು ಎತ್ತರ. ಸಣ್ಣ ಸೀಗಡಿ, ಹುಳುಗಳು ಇದರ ಆಹಾರ. ಚಿಕ್ಕದು ಮೂರು ಅಡಿಗೆ ಹತ್ತಿರ. ಮುಖ್ಯವಾಗಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯನ್ನು ತಿಂದು ಬದುಕುತ್ತದೆ. ಥಾಣೆ ಖಾಡಿಯಲ್ಲಿ ಚಿಕ್ಕವುಗಳೇ ಹೆಚ್ಚು. ಇವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದುದಲ್ಲ. ಮರಿಗಳು ಬೂದು ಬಣ್ಣದವು; ಆಹಾರದಲ್ಲಿರುವ ವರ್ಣದ್ರವ್ಯ ಮೈಗೆ ಹತ್ತಿ, ಎರಡು ಮೂರು ವರ್ಷಗಳಲ್ಲಿ ರಂಗೇರುತ್ತವೆ.

ಇವುಗಳ ತವರು ಗುಜರಾತಿನ ಕಚ್ಛದ ರಣ. ಮಳೆಗಾಲದಲ್ಲಿ ಆ ಉಪ್ಪಿನ ಬಯಲಿನ ಮೇಲೆ ತೆಳ್ಳಗೆ ನೀರು ಹರಡಿದಾಗ, ಕೆಸರನ್ನು ಗುಪ್ಪೆ ಮಾಡಿ ಗೂಡು ಕಟ್ಟಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತವೆ. ನೀರು ಬತ್ತುತ್ತ ಬಂದಂತೆ ಅಲ್ಲಿ ಹೊಟ್ಟೆಪಾಡು ಕಷ್ಟವಾಗಿ, ದಕ್ಷಿಣಕ್ಕೆ ಹೊರಡುತ್ತವೆ. ಆದ್ದರಿಂದ ಮಳೆ ಲಂಬಿಸಿದ ವರ್ಷ ರಣದಲ್ಲಿ ನೀರೂ ಮೇವೂ ಹೆಚ್ಚು ದಿನ ಉಳಿಯುತ್ತದೆ. ಹಕ್ಕಿಗಳು ಇಲ್ಲಿಗೆ ತಡವಾಗಿ ಬರುತ್ತವೆ. ಊರಿನಲ್ಲಿ ಬೆಳೆ ಚೆನ್ನಾಗಿದ್ದ ವರ್ಷ ಮುಂಬಯಿಗೆ ಹೊರಡುವವರು ನಾಲ್ಕು ದಿನ ನಿಧಾನಿಸುವುದಿಲ್ಲವೇ, ಹಾಗೆ. 2022ರಲ್ಲಿ ಬಾಂಬೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಆರು ರಾಜಹಂಸಗಳಿಗೆ ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರ ತೊಡಿಸಿ ಬಿಟ್ಟರು. ಒಂದರ ಹೆಸರು ಹುಮಾಯೂನ್, ಇನ್ನೊಂದರ ಹೆಸರು ನವಿ ಮುಂಬಯಿ! ಇವು ರಾತ್ರಿಯ ಹೊತ್ತು ಹಾರಿ ಗುಜರಾತಿಗೆ ಹೋಗುವುದು ಇದರಿಂದ ಕಂಡುಬಂತು.

ಈಗ ಸೀವುಡ್ಸ್ ಕಡೆಯ ಕೆರೆಗಳ ಮಾತು. ಸಮುದ್ರ ಇಳಿದಾಗ ಖಾಡಿಯ ಕೆಸರು ಬಯಲು ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ಅದೇ ಊಟದ ಪಂಕ್ತಿ. ಉಬ್ಬರ ಬಂದಾಗ ಆ ಬಯಲೆಲ್ಲ ಮುಳುಗುತ್ತದೆ. ಆಗ ಅವು ಕಾಂಡ್ಲಾ ಗಿಡಗಳನ್ನು ದಾಟಿ ಹಾರಿ, ಚಾಣಕ್ಯ ನಾವಿಕ ವಿದ್ಯಾಲಯದ ಬಳಿ, ಎನ್.ಆರ್.ಐ. ವಸತಿಯ ಹಿಂದೆ, ಡಿ.ಪಿ.ಎಸ್. ಶಾಲೆಯ ಪಕ್ಕದಲ್ಲಿರುವ ಆಳವಿಲ್ಲದ ನೀರಿನಲ್ಲಿ ನಿಂತು ವಿಶ್ರಮಿಸುತ್ತವೆ. ಖಾಡಿ ಊಟದ ಮನೆಯಾದರೆ ಈ ಕೆರೆಗಳು ಮಲಗುವ ಕೋಣೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಂಸಾರ ಸಾಗದು.

ಖಾಡಿಯ ಸುಮಾರು 17 ಚದರ ಕಿಲೋಮೀಟರು ಪ್ರದೇಶ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ಒಪ್ಪಂದದ ಅಂತಾರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ಆದರೆ ಈ ಕೆರೆಗಳು ಅಭಯಾರಣ್ಯದ ಗಡಿಯ ಹೊರಗೆ ಉಳಿದವು. ಪರಿಣಾಮ 2024ರ ಬೇಸಗೆಯಲ್ಲಿ ಕಂಡಿತು. ಉಬ್ಬರದ ನೀರು ಒಳಬರುವ ದಾರಿ ಕಟ್ಟಿಕೊಂಡು ಡಿ.ಪಿ.ಎಸ್. ಕೆರೆ ಬತ್ತಿತು, ಆ ಸುತ್ತಿನಲ್ಲಿ ಹಲವು ರಾಜಹಂಸಗಳು ಸತ್ತುಬಿದ್ದವು. ಅದೇ ವರ್ಷ ಮೇ 20ರ ರಾತ್ರಿ ಘಾಟಕೋಪರದ ಮೇಲೆ ಒಂದು ಹಿಂಡು ವಿಮಾನಕ್ಕೆ ಸಿಕ್ಕಿ ಸುಮಾರು 40 ಹಕ್ಕಿಗಳು ನಾಶವಾದವು. ನಿವಾಸಿಗಳು ಅರ್ಜಿ ಬರೆದರು, ರಸ್ತೆಯಲ್ಲಿ ನಿಂತು ಪ್ರತಿಭಟಿಸಿದರು. 2025ರಲ್ಲಿ ಮಹಾರಾಷ್ಟ್ರದ ವನ್ಯಜೀವಿ ಮಂಡಳಿಯು, ಸುಮಾರು 30 ಎಕರೆಯ ಈ ಕೆರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ಒಪ್ಪಿತು. ಆದರೂ ಕಾಗದದ ಮೇಲಿನ ರಕ್ಷಣೆ ಸಾಲದು. ನೀರಿನ ದಾರಿ ತೆರೆದಿರಬೇಕು.

ಜನವಸತಿಯ ನಡುವೆ ಹಕ್ಕಿಗಳು ಬಾಳಲಾರವು ಎನ್ನುವವರಿಗೆ ನಮ್ಮ ಕಡೆಯದೇ ಒಂದು ಉತ್ತರವಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಲಿನ ಹುಣಿಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹುಣಿಸೆಯ ಫಸಲು ಹೋದರೂ ಆ ಊರಿನವರು ಅವನ್ನು ಓಡಿಸಲಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿದರು. ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಹಕ್ಕಿಗಳನ್ನು ನೋಡಬಯಸುವವರಿಗೆ ಒಂದು ಸುಲಭ ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆಗಳಂದು ಮುಂಬಯಿ ಕಡೆ ತುಂಬು ಉಬ್ಬರ ಮಧ್ಯಾಹ್ನ 12ರಿಂದ 1 ಗಂಟೆಯ ಸುಮಾರಿಗೆ ಬರುತ್ತದೆ; ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿಯ ಸುಮಾರಿಗೆ ಉಬ್ಬರ ಕಡಿಮೆ, ಕೆಸರು ಪೂರ್ತಿ ಮುಳುಗದು. ಕೆರೆಗೆ ಬರುವ ಹಕ್ಕಿಗಳೂ ಕಡಿಮೆ. ತ್ರಯೋದಶಿಯಿಂದ ಪಾಡ್ಯದವರೆಗಿನ ದಿನಗಳು ಉತ್ತಮ. ಗೋಡೆಯ ಪಂಚಾಂಗದಲ್ಲಿ ಆ ತಿಥಿಗೆ ಭಾನುವಾರ ಕೂಡಿಬಂದರೆ ರಜೆಯೂ ಒದಗಿತು. ಸೀವುಡ್ಸ್ ಸ್ಟೇಷನ್ನಿನಲ್ಲಿ ಇಳಿದು ಹತ್ತೂವರೆಯ ಒಳಗೆ ಕೆರೆಯ ದಂಡೆ ಸೇರಿರಿ. ಮಕ್ಕಳನ್ನೂ ಕರೆದೊಯ್ಯಿರಿ, ದೂರ ನಿಲ್ಲಿರಿ, ಕಲ್ಲೆಸೆಯಗೊಡಬೇಡಿರಿ. ಕೆರೆಯ ನೀರು ಇಳಿದುದು ಕಂಡರೆ, ನೀರಿನ ದಾರಿಯಲ್ಲಿ ಮಣ್ಣು ಬಿದ್ದುದು ಕಂಡರೆ, ಅರಣ್ಯ ಇಲಾಖೆಗೂ ನಗರಪಾಲಿಕೆಗೂ ಒಂದು ಅರ್ಜಿ ಬರೆಯಿರಿ. ನಮ್ಮಲ್ಲಿ ಗುಮಾಸ್ತರಿಗೆ ಕೊರತೆಯಿಲ್ಲ. ಅರ್ಜಿ ಬರೆಯುವ ಕೈಗಳಿಗೂ ಕೊರತೆಯಾಗಬಾರದು.