ಹೊಟ್ಟೆನೋವಿಗೆ ಮನೆಯಲ್ಲೇ ‘ಕರೆಂಟ್’

ಸೊಂಟನೋವಿಗೋ ಮಂಡಿನೋವಿಗೋ ಫಿಸಿಯೋಥೆರಪಿ ಮಾಡಿಸಿಕೊಂಡು ಬಂದವರು ‘ಇವತ್ತು ಕರೆಂಟ್ ಕೊಟ್ಟರು’ ಎನ್ನುವುದುಂಟು. ಹಾಗೆ ಕರೆಂಟ್ ಕೊಡುವ ಯಂತ್ರಗಳಲ್ಲಿ ‘ಟೆನ್ಸ್’ ಎಂಬುದೂ ಒಂದು. ಅದೀಗ ಅಂಗೈಯಗಲಕ್ಕೆ ಇಳಿದಿದೆ, ಬ್ಯಾಟರಿಯಲ್ಲಿ ನಡೆಯುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ತಿಂಗಳುಗಟ್ಟಲೆ ಬೆನ್ನುಬಿಡದ ಹೊಟ್ಟೆನೋವಿಗೂ ಮನೆಯಲ್ಲೇ ಇದನ್ನು ಬಳಸಬಹುದೇ? ಅದು ನೋವು ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ.

ಈ ಚಿಕಿತ್ಸೆಯ ಹಿಂದಿರುವ ವಿಚಾರ ಹುಟ್ಟಿದ್ದು 1965ರಲ್ಲಿ. ನೋವಿನ ಸಂದೇಶ ಗಾಯದಿಂದ ಮಿದುಳಿಗೆ ನೇರವಾಗಿ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಗೇಟು ಇದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಾದಿಸಿದರು. ಸ್ಪರ್ಶ, ಒತ್ತಡಗಳನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ ಈ ಗೇಟು ಮುಚ್ಚಿಕೊಳ್ಳುತ್ತದೆ, ತೆಳು ತಂತುಗಳು ಹೊತ್ತು ತರುವ ನೋವಿನ ಸುದ್ದಿಗೆ ತಡೆ ಬೀಳುತ್ತದೆ. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದು ಇದೇ ಕಾರಣಕ್ಕೆ.

ಎರಡು ವರ್ಷಗಳ ನಂತರ ವಾಲ್ ಮತ್ತು ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಇದನ್ನು ಒರೆಗೆ ಹಚ್ಚಿದರು. ಮೊದಲು ತಮ್ಮದೇ ಮುಖದ ನರಕ್ಕೆ ವಿದ್ಯುತ್ ಹರಿಸಿಕೊಂಡು ನೋಡಿದರು. ಬಳಿಕ ಚರ್ಮದಲ್ಲಿ ತೀವ್ರ ನೋವಿದ್ದ ಎಂಟು ರೋಗಿಗಳ ಸರದಿ. ಸೆಕೆಂಡಿಗೆ 100 ಮಿಡಿತ, ಒಂದೊಂದು ಮಿಡಿತವೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ನೋವಿನ ಜಾಗದಲ್ಲಿ ಜುಮುಜುಮು ಎನ್ನುವವರೆಗೆ ವೋಲ್ಟೇಜು ಏರಿಸಿದರು. ಅಲ್ಲಿಯವರೆಗೆ ಮುಟ್ಟಿದರೆ ಸಾಕು ನೋಯುವಂತಿದ್ದ ಜಾಗವನ್ನು ಒತ್ತಿದರೂ ನೋಯಲಿಲ್ಲ. ನಾಲ್ವರಿಗೆ ಎರಡೇ ನಿಮಿಷದ ಚಿಕಿತ್ಸೆಯಿಂದ ಅರ್ಧ ಗಂಟೆಗೂ ಹೆಚ್ಚು ನೆಮ್ಮದಿ ಸಿಕ್ಕಿತು.

ಅದೆಲ್ಲ ಚರ್ಮದ ನೋವಾಯಿತು. ಹೊಟ್ಟೆಯೊಳಗಿನ ಅಂಗದ ನೋವಿಗೆ ಚರ್ಮದ ಮೇಲೆ ಅಂಟಿಸಿದ ಪ್ಯಾಡ್ ಏನು ಮಾಡೀತು?

ಇಲ್ಲಿ ದೇಹರಚನೆಯೇ ನೆರವಿಗೆ ಬರುತ್ತದೆ. ಕರುಳು, ಗರ್ಭಕೋಶಗಳಿಂದ ಬರುವ ನರಗಳೂ ಹೊಟ್ಟೆಯ ಚರ್ಮದ ನರಗಳೂ ಬೆನ್ನುಹುರಿಯ ಅದೇ ಮಟ್ಟಗಳನ್ನು ಸೇರುತ್ತವೆ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿಕೊಳ್ಳುವುದು ಇದರಿಂದಲೇ. ಒಳಗಿನ ನೋವು ಚರ್ಮದ ವಿಳಾಸ ಹೇಳುವುದಾದರೆ, ಆ ಚರ್ಮಕ್ಕೆ ಕೊಟ್ಟ ಮಿಡಿತ ಒಳಗಿನ ನೋವಿಗೂ ಅಡ್ಡ ಬರಬಲ್ಲದು. ಇದರ ಜೊತೆಗೆ, ಈ ಮಿಡಿತಗಳು ದೇಹದ ಸ್ವಂತ ನೋವುಶಾಮಕ ವ್ಯವಸ್ಥೆಯನ್ನೂ ಎಬ್ಬಿಸುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಈ ವಿಧಾನಕ್ಕೆ ಹೆಚ್ಚು ಆಧಾರವಿರುವುದು ಮುಟ್ಟಿನ ಹೊಟ್ಟೆನೋವಿನಲ್ಲಿ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್ ಸಮೀಕ್ಷೆಗಳ ಪ್ರಕಾರ, ವೇಗದ ಮಿಡಿತದ ಟೆನ್ಸ್ ಹುಸಿ ಚಿಕಿತ್ಸೆಗಿಂತ ಹೆಚ್ಚು ನೋವು ಇಳಿಸಬಹುದು. ಪ್ರತಿ ತಿಂಗಳೂ ನೋವಿನ ಮಾತ್ರೆ ನುಂಗಲು ಒಲ್ಲದ, ಅಥವಾ ನುಂಗಿದರೆ ಹೊಟ್ಟೆಯುರಿ ಬರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಬಳಸುವ ಕ್ರಮವೂ ಸರಳ. ಅಂಟುಳ್ಳ ಪ್ಯಾಡ್‌ಗಳನ್ನು ಕಿಬ್ಬೊಟ್ಟೆಯ ಮೇಲೆ ಅಥವಾ ಅದಕ್ಕೆ ನೇರವಾಗಿ ಕೆಳಬೆನ್ನಿಗೆ ಅಂಟಿಸಬೇಕು. ಚರ್ಮ ಒಣಗಿರಬೇಕು, ಎಣ್ಣೆ, ಕ್ರೀಮು ಇರಬಾರದು. ಗುಂಡಿಯನ್ನು ನಿಧಾನವಾಗಿ ಏರಿಸುತ್ತ, ಜುಮುಜುಮು ಗಟ್ಟಿಯಾಗಿ ತಿಳಿಯುವ, ಆದರೆ ನೋಯದ ಹಂತದಲ್ಲಿ ನಿಲ್ಲಿಸಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಹೆದರಿ ತೀರಾ ಕಡಿಮೆ ಇಟ್ಟುಕೊಂಡು ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುತ್ತಾರೆ. ಯಂತ್ರ ನಿಲ್ಲಿಸಿದ ಮೇಲೆ ಪರಿಣಾಮ ಬೇಗ ಇಳಿಯುವುದೂ ಸಹಜ.

ಕರುಳಿನ ಕಿರಿಕಿರಿ, ಅಂದರೆ ಐಬಿಎಸ್ ಇರುವ ಮಕ್ಕಳಿಗೆ ಇನ್ನೊಂದು ದಾರಿ ತೆರೆದಿದೆ. 2019ರಲ್ಲಿ ಅಮೆರಿಕದ ಎಫ್‌ಡಿಎ ‘ಐಬಿ-ಸ್ಟಿಮ್’ ಎಂಬ ವಿದ್ಯುತ್ ಮಿಡಿತದ ಸಾಧನಕ್ಕೆ ಅನುಮತಿ ಕೊಟ್ಟಿತು. ವೈದ್ಯರು ಕಿವಿಯ ಹಿಂದೆ ಅದನ್ನು ಕೂರಿಸಿ, ಪುಟ್ಟ ಸೂಜಿಮೊನೆಗಳನ್ನು ಕಿವಿಯ ಚರ್ಮಕ್ಕೆ ಚುಚ್ಚುತ್ತಾರೆ. ಹಾಗಾಗಿ ಇದು ಟೆನ್ಸ್‌ನಂತೆ ಚುಚ್ಚದ ಚಿಕಿತ್ಸೆಯಲ್ಲ. ಆದರೆ ಅದನ್ನು ಹಾಕಿಕೊಂಡು ಮಕ್ಕಳು ಮನೆಯಲ್ಲೇ ಇರಬಹುದು. ಎಫ್‌ಡಿಎ ಪರಿಗಣಿಸಿದ ಅಧ್ಯಯನದಲ್ಲಿ 11ರಿಂದ 18 ವರ್ಷದ 50 ಮಂದಿ ಇದ್ದರು. ಮೂರು ವಾರಗಳ ಕೊನೆಗೆ ನಿತ್ಯದ ನೋವು ಕನಿಷ್ಠ ಶೇ 30ರಷ್ಟು ತಗ್ಗಿದ್ದು, ಚಿಕಿತ್ಸೆ ಪಡೆದವರಲ್ಲಿ ಶೇ 52 ಮಂದಿಗೆ, ಹುಸಿ ಸಾಧನ ಹಾಕಿಕೊಂಡವರಲ್ಲಿ ಶೇ 30 ಮಂದಿಗೆ. ವ್ಯತ್ಯಾಸ ಇದೆ. ಹುಸಿ ಸಾಧನದಿಂದಲೂ ಇಷ್ಟು ಜನರಿಗೆ ನೋವು ಇಳಿದಿದೆ ಎಂಬುದೂ ಇದೆ.

ಹಾಗೆಂದು ಎಲ್ಲ ನೋವಿಗೂ ಕರೆಂಟ್ ಮದ್ದಲ್ಲ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ, ಅದು ಉಪಕಾರ ಮಾಡುತ್ತದೆ ಎನ್ನಲು ಪುರಾವೆ ಇಲ್ಲ ಎಂದು ವೈದ್ಯರಿಗೆ ತಿಳಿಸಿತು. ಒಂದೇ ಯಂತ್ರ ಒಂದು ನೋವಿಗೆ ಒದಗಿ, ಇನ್ನೊಂದಕ್ಕೆ ಒದಗದಿರುವುದು ಹೀಗೆ.

ಉಪಯೋಗವಾಗದಿರುವುದಕ್ಕಿಂತ ದೊಡ್ಡ ಅಪಾಯವೆಂದರೆ, ನೋವು ತಗ್ಗಿತೆಂದು ರೋಗವನ್ನು ಮರೆತುಬಿಡುವುದು. ಟೆನ್ಸ್ ಪಿತ್ತಕೋಶದ ಕಲ್ಲನ್ನು ಕರಗಿಸುವುದಿಲ್ಲ, ಹುಣ್ಣನ್ನು ಮಾಗಿಸುವುದಿಲ್ಲ, ಗೆಡ್ಡೆಯನ್ನು ತಡೆಯುವುದಿಲ್ಲ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ, ಕಾಮಾಲೆ ಅಥವಾ ನಿಲ್ಲದ ವಾಂತಿ ಇದ್ದರೆ, ನೋವು ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಕೂಡದು. ಗರ್ಭಿಣಿಯರು ಹೊಟ್ಟೆಯ ಮೇಲೆ ಪ್ಯಾಡ್ ಇಡಬಾರದು. ಗಾಯದ ಅಥವಾ ಸ್ಪರ್ಶ ತಿಳಿಯದ ಚರ್ಮದ ಮೇಲೆ, ಸ್ನಾನ ಮಾಡುವಾಗ, ವಾಹನ ಓಡಿಸುವಾಗ ಬಳಕೆ ಬೇಡ.

ಯಂತ್ರ ಕೊಳ್ಳಬೇಕೆನ್ನುವವರು ವೈದ್ಯರಿಂದ ನೋವಿನ ಕಾರಣ ತಿಳಿದುಕೊಂಡು, ಒಮ್ಮೆಯಾದರೂ ಫಿಸಿಯೋಥೆರಪಿಸ್ಟರ ಎದುರು ಕೂತು ಪ್ಯಾಡ್ ಇಡುವುದನ್ನು ಕಲಿತುಕೊಳ್ಳಿ. ಆಮೇಲೆ ದುಡ್ಡು ಕೊಡಿ.